ಮೃದು ಅಂಗಾಂಶ ಮತ್ತು ಮೂಳೆಯ ಕ್ಯಾನ್ಸರ್ ಒಂದು ದೇಶದಲ್ಲಿ ವರ್ಷಕ್ಕೆ ಎಷ್ಟು ಜನರಿಗೆ?

ವಾಣಿ_ಆರ್

ಆರೋಗ್ಯ ಪುರವಣಿಯ ಲೇಖನವೊಂದಕ್ಕೆ ನೆಚ್ಚಬಹುದಾದ ಅಂಕಿ ಬೇಕಾಗಿದೆ. ಸ್ನಾಯು, ಕೊಬ್ಬು, ನರ, ರಕ್ತನಾಳಗಳಂಥ ಮೃದು ಅಂಗಾಂಶದಲ್ಲೂ ಮೂಳೆಯಲ್ಲೂ ಹುಟ್ಟುವ ಸಾರ್ಕೋಮಾ ಎಷ್ಟು ಅಪರೂಪ? ಒಂದು ಕಡೆ "ಎಲ್ಲ ಕ್ಯಾನ್ಸರ್‌ಗಳಲ್ಲಿ ನೂರಕ್ಕೆ ಒಂದು" ಅಂತಿದೆ, ಇನ್ನೊಂದು ಕಡೆ "0.2". ಲಕ್ಷ ಜನರಿಗೆ 4 ಅನ್ನುವವರಿದ್ದಾರೆ, 7 ಅನ್ನುವವರೂ ಇದ್ದಾರೆ. ಜಾಗತಿಕ ಕ್ಯಾನ್ಸರ್ ಅಂದಾಜಿನ ಪಟ್ಟಿ ತೆರೆದರೆ ಈ ಎರಡು ಹೆಸರುಗಳೇ ಕಾಣುವುದಿಲ್ಲ. ಇವುಗಳಲ್ಲಿ ಯಾವುದನ್ನು ಬರೆಯಬೇಕು? ಭಾರತಕ್ಕೆ ಯಾವುದು ಹೊಂದುತ್ತದೆ?

ನೋಂದಣಿ_ಮೇಜು

ವಾಣಿಯವರೇ, ನೀವು ಕಂಡ ಅಂಕಿಗಳಲ್ಲಿ ಬಹುಪಾಲು ತಪ್ಪಲ್ಲ. ಒಂದೊಂದೂ ಬೇರೆ ಬೇರೆ ಪ್ರಶ್ನೆಗೆ ಕೊಟ್ಟ ಉತ್ತರ, ಅಷ್ಟೇ.

ಮೊದಲು 0.2 ತೆಗೆದುಕೊಳ್ಳಿ. ಅದು ಮೂಳೆಯಲ್ಲೇ ಹುಟ್ಟಿದ ಕ್ಯಾನ್ಸರ್ ಮಾತ್ರ. ಅಮೆರಿಕದ 2024ರ ಅಂದಾಜು ನೋಡಿದರೆ, ಒಟ್ಟು ಹೊಸ ಕ್ಯಾನ್ಸರ್ ಪ್ರಕರಣಗಳು 20 ಲಕ್ಷಕ್ಕೆ ಒಂದು ಸಾವಿರ ಹೆಚ್ಚು. ಅದರಲ್ಲಿ ಮೂಳೆ ಮತ್ತು ಕೀಲಿನವು 3,970. ಭಾಗಿಸಿದರೆ 0.2 ಶೇಕಡಾ. ಮೃದು ಅಂಗಾಂಶದವು 13,590. ಎರಡನ್ನೂ ಕೂಡಿಸಿದರೆ 17,560, ಅಂದರೆ 0.88 ಶೇಕಡಾ. "ನೂರಕ್ಕೆ ಒಂದು" ಅನ್ನುವುದು ಇದರ ದುಂಡು ಅಂಕಿ. ಅಲ್ಲಿನ ಜನಸಂಖ್ಯೆಯನ್ನು 34 ಕೋಟಿಗೆ ಸ್ವಲ್ಪ ಕಡಿಮೆ ಅಂತ ಇಟ್ಟುಕೊಂಡರೆ ಲಕ್ಷಕ್ಕೆ ಸುಮಾರು 5.2 ಆಗುತ್ತದೆ.

ಈ 5.2ರಲ್ಲೂ ಒಂದು ಕೊರತೆ ಇದೆ. ಕ್ಯಾನ್ಸರ್ ನೋಂದಣಿಯಲ್ಲಿ ಪ್ರತಿ ಪ್ರಕರಣಕ್ಕೂ ಎರಡು ಸಂಕೇತ ಬೀಳುತ್ತದೆ: ಎಲ್ಲಿ ಹುಟ್ಟಿತು, ಯಾವ ಬಗೆಯ ಕೋಶ. ವಾರ್ಷಿಕ ವರದಿಗಳ ಕೋಷ್ಟಕ ಸಾಮಾನ್ಯವಾಗಿ "ಎಲ್ಲಿ" ಅನ್ನುವುದರ ಮೇಲೆ ನಿಂತಿರುತ್ತದೆ. ರೋಗಗಳ ಅಂತರರಾಷ್ಟ್ರೀಯ ಸಂಕೇತಪಟ್ಟಿಯಾದ ಐಸಿಡಿ-10ರಲ್ಲಿ ಸಿ40, ಸಿ41 ಮೂಳೆಗೆ, ಸಿ49 ಮೃದು ಅಂಗಾಂಶಕ್ಕೆ, ಸಿ47 ನರಕ್ಕೆ. ಆದರೆ ಸಾರ್ಕೋಮಾ ಯಾವ ಅಂಗದಲ್ಲಿ ಬೇಕಾದರೂ ಹುಟ್ಟಬಹುದು. ಗರ್ಭಕೋಶದ ಲಿಯೋಮಯೋಸಾರ್ಕೋಮಾ (ನುಣುಪು ಸ್ನಾಯುವಿನದು) "ಗರ್ಭಕೋಶ" ಅನ್ನುವ ಸಾಲಿಗೆ ಹೋಗುತ್ತದೆ. ಜಠರದ ಜಿಸ್ಟ್ (ಜೀರ್ಣನಾಳದ ಗೋಡೆಯ ಸಾರ್ಕೋಮಾ) "ಜಠರ"ದ ಸಾಲಿಗೆ, ಸ್ತನದ ಆಂಜಿಯೋಸಾರ್ಕೋಮಾ (ರಕ್ತನಾಳದ್ದು) "ಸ್ತನ"ದ ಸಾಲಿಗೆ. ಕೋಷ್ಟಕ ಓದುವವರಿಗೆ ಇವು ಕಾಣುವುದೇ ಇಲ್ಲ. ಕೋಶದ ಸಂಕೇತ ಹಿಡಿದು ಎಣಿಸಿದರೆ ಇವೆಲ್ಲ ಹೊರಬರುತ್ತವೆ, ದರ ಏರುತ್ತದೆ. ನೀವು ನೋಡಿದ 4ಕ್ಕೂ 7ಕ್ಕೂ ನಡುವಿನ ಅಂತರದಲ್ಲಿ ದೊಡ್ಡ ಪಾಲು ಇದೇ.

ಜಾಗತಿಕ ಪಟ್ಟಿಯ ಬಗ್ಗೆ: ಗ್ಲೋಬೋಕ್ಯಾನ್ ಅನ್ನುವ ಆ ಪಟ್ಟಿ 36 ಬಗೆಯ ಕ್ಯಾನ್ಸರ್‌ಗಳಿಗೆ ದೇಶವಾರು ಅಂದಾಜು ಕೊಡುತ್ತದೆ. ಕಪೋಸಿ ಸಾರ್ಕೋಮಾ ಅದರಲ್ಲಿದೆ, ಮೂಳೆ ಮತ್ತು ಮೃದು ಅಂಗಾಂಶ ಪ್ರತ್ಯೇಕವಾಗಿ ಇಲ್ಲ. ಅವು ಬೇಕಿದ್ದರೆ ಅದನ್ನು ಹೊರತರುವ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ, ಅಂದರೆ ಐಎಆರ್‌ಸಿಯ, "ಐದು ಖಂಡಗಳಲ್ಲಿ ಕ್ಯಾನ್ಸರ್" ಸಂಪುಟಗಳನ್ನು ನೋಡಬೇಕು. ಅಲ್ಲಿ ಸಿ40-41 ಮತ್ತು ಸಿ47+ಸಿ49 ಬೇರೆ ಬೇರೆ ಸಾಲುಗಳಾಗಿ ಸಿಗುತ್ತವೆ. ಆದರೆ ಅದು ನೋಂದಣಿ ಕೇಂದ್ರಗಳ ದತ್ತಾಂಶ. ಇಡೀ ದೇಶದ ಅಂದಾಜು ಅಲ್ಲ.

ಸ್ಲೈಡ್_ಮತ್ತು_ಬಣ್ಣ

ಮೇಲಿನ ಮಾತಿಗೆ ಪೆಥಾಲಜಿ, ಅಂದರೆ ಅಂಗಾಂಶ ಪರೀಕ್ಷೆಯ ಕಡೆಯಿಂದ ಒಂದಿಷ್ಟು ಸೇರಿಸಬೇಕು. ಎಣಿಕೆ ಹುಟ್ಟುವುದು ವರದಿಯ ಕೊನೆಯ ಸಾಲಿನಲ್ಲಿ. ಆ ಸಾಲು ತಪ್ಪಿದರೆ ದೇಶದ ಅಂಕಿಯೂ ತಪ್ಪುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ 2020ರ ವರ್ಗೀಕರಣದಲ್ಲಿ ಸಾರ್ಕೋಮಾದ ಉಪಬಗೆಗಳು 70ಕ್ಕೂ ಹೆಚ್ಚು. ಲಕ್ಷಕ್ಕೆ ಐದಾರು ಅನ್ನುವ ಒಟ್ಟು ಮೊತ್ತವನ್ನು ಇಷ್ಟು ಹೆಸರುಗಳಿಗೆ ಹಂಚಿ ನೋಡಿ. ಮೂಳೆಯ ಆಸ್ಟಿಯೋಸಾರ್ಕೋಮಾ ಲಕ್ಷಕ್ಕೆ ಸುಮಾರು 0.3. ಜಿಸ್ಟ್ ಹತ್ತು ಲಕ್ಷಕ್ಕೆ 10ರಿಂದ 15. ಮಕ್ಕಳು, ಹರೆಯದವರ ಮೂಳೆಯಲ್ಲಿ ಹೆಚ್ಚು ಕಾಣುವ ಎವಿಂಗ್ ಎಲ್ಲ ವಯಸ್ಸೂ ಸೇರಿ ಹತ್ತು ಲಕ್ಷಕ್ಕೆ ಒಂದರ ಆಸುಪಾಸು, ಬೆನ್ನುಮೂಳೆ, ತಲೆಬುಡದಲ್ಲಿ ಹುಟ್ಟುವ ಕಾರ್ಡೋಮಾ ಅದಕ್ಕಿಂತಲೂ ಕಡಿಮೆ. ದೊಡ್ಡ ಆಸ್ಪತ್ರೆಯ ಸಾಮಾನ್ಯ ಪೆಥಾಲಜಿಸ್ಟ್ ಕೂಡ ಕೆಲವು ಬಗೆಗಳನ್ನು ವೃತ್ತಿಜೀವನದಲ್ಲೇ ಒಂದೆರಡು ಸಲ ನೋಡಿದರೆ ಹೆಚ್ಚು.

ಇದರ ಫಲ ಏನು ಅನ್ನುವುದಕ್ಕೆ ಅಳತೆ ಇದೆ. ಫ್ರಾನ್ಸ್ ಮತ್ತು ಇಟಲಿಯ ಮೂರು ಪ್ರಾಂತ್ಯಗಳಲ್ಲಿ ಮೊದಲ ವರದಿಯನ್ನು ತಜ್ಞರ ಮರುಪರಿಶೀಲನೆಯ ಜತೆ ಹೋಲಿಸಿ 2012ರಲ್ಲಿ ಪ್ರಕಟಿಸಿದರು. ಪೂರ್ತಿ ಹೊಂದಿಕೆಯಾದದ್ದು ನೂರಕ್ಕೆ 56. ದರ್ಜೆಯಲ್ಲೋ ಉಪಬಗೆಯಲ್ಲೋ ವ್ಯತ್ಯಾಸ ಬಂದದ್ದು 35. ಉಳಿದ 8ರಲ್ಲಿ ರೋಗನಿರ್ಣಯವೇ ಬೇರೆ: ಅಪಾಯವಿಲ್ಲದ ಗಡ್ಡೆಯನ್ನು ಸಾರ್ಕೋಮಾ ಅಂದಿದ್ದರು, ಅಥವಾ ಅದು ಸಾರ್ಕೋಮಾ ಆಗಿರಲೇ ಇಲ್ಲ. ನಂತರ ಫ್ರಾನ್ಸ್ ಇಡೀ ದೇಶದಲ್ಲಿ ತಜ್ಞರ ಜಾಲದ ಮೂಲಕ ಮರುಓದು ಮಾಡಿಸಿ ಎಣಿಸಿತು. 2013ರಿಂದ 2016ರವರೆಗಿನ ಆ ಎಣಿಕೆಯಲ್ಲಿ ಸಾರ್ಕೋಮಾ ಹತ್ತು ಲಕ್ಷಕ್ಕೆ ಸುಮಾರು 70 ಬಂತು. ನಿಮ್ಮ "ಲಕ್ಷಕ್ಕೆ 7" ಬಹುಶಃ ಅಲ್ಲಿಂದಲೇ. ನನ್ನ ಮಟ್ಟಿಗೆ ನಿಜಕ್ಕೆ ತೀರ ಹತ್ತಿರದ ರಾಷ್ಟ್ರೀಯ ಅಂಕಿ ಅದು. ಯಾಕೆಂದರೆ ಅಲ್ಲಿ ಎಣಿಸುವ ಮೊದಲು ಸ್ಲೈಡ್ ಮತ್ತೆ ನೋಡಿದ್ದಾರೆ.

ಇನ್ನೊಂದು ಎಚ್ಚರ. ಹತ್ತಿಪ್ಪತ್ತು ವರ್ಷಗಳ ಏರಿಳಿತ ತೋರಿಸುವ ನಕ್ಷೆಗಳನ್ನು ಉಪಬಗೆವಾರು ಓದಬೇಡಿ. 1980ರ ದಶಕದಲ್ಲಿ ವಯಸ್ಕರ ಸಾರ್ಕೋಮಾಗಳಲ್ಲಿ ಅತಿ ಸಾಮಾನ್ಯ ಹೆಸರು "ಮ್ಯಾಲಿಗ್ನೆಂಟ್ ಫೈಬ್ರಸ್ ಹಿಸ್ಟಿಯೋಸೈಟೋಮಾ". 2013ರ ವರ್ಗೀಕರಣದ ಹೊತ್ತಿಗೆ ಆ ಹೆಸರೇ ಹೋಯಿತು. ರೋಗ ಮಾಯವಾಗಲಿಲ್ಲ. ಒಂದಿಷ್ಟು ಲೈಪೋಸಾರ್ಕೋಮಾ (ಕೊಬ್ಬಿನದು), ಲಿಯೋಮಯೋಸಾರ್ಕೋಮಾ ಅಂತ ಬೇರೆಯಾಯಿತು, ಉಳಿದದ್ದು "ಅನ್‌ಡಿಫರೆನ್ಷಿಯೇಟೆಡ್ ಪ್ಲಿಯೋಮಾರ್ಫಿಕ್ ಸಾರ್ಕೋಮಾ" ಆಯಿತು. ಜಿಸ್ಟ್‌ನದು ಇದರ ತಿರುವುಮುರುವು. 1998ರಲ್ಲಿ ಕಿಟ್ ಜೀನಿನ ಬದಲಾವಣೆ ಗೊತ್ತಾದ ಮೇಲೆ, ಅಲ್ಲಿಯವರೆಗೆ ಹೊಟ್ಟೆ ಕರುಳಿನ ಲಿಯೋಮಯೋಸಾರ್ಕೋಮಾ ಅನ್ನಿಸಿಕೊಂಡಿದ್ದವು ಜಿಸ್ಟ್ ಆದವು. ನಕ್ಷೆಯಲ್ಲಿ ಜಿಸ್ಟ್ ಕಡಿದಾಗಿ ಏರುತ್ತದೆ. ಕಾಯಿಲೆ ಹೆಚ್ಚಿತು ಅಂತ ಬರೆದುಬಿಟ್ಟರೆ ಓದುಗರಿಗೆ ಅನ್ಯಾಯ.

ವಾಣಿ_ಆರ್

ಇಬ್ಬರಿಗೂ ಧನ್ಯವಾದ. ಹಾಗಾದರೆ ಭಾರತಕ್ಕೆ ಹೀಗೆ ಲೆಕ್ಕ ಹಾಕಬಹುದೇ? 2022ರ ಅಂದಾಜಿನ ಪ್ರಕಾರ ದೇಶದಲ್ಲಿ ಹೊಸ ಕ್ಯಾನ್ಸರ್ ಪ್ರಕರಣಗಳು 14.6 ಲಕ್ಷ. ಅದರ ನೂರಕ್ಕೆ ಒಂದು ಅಂದರೆ 14,600.

ಪಾಯ್ಸಾನ್

ಮೇಡಂ, ಆ ಗುಣಾಕಾರ ಮಾಡಬೇಡಿ. ಯಾಕೆ ಅಂತ ಲೆಕ್ಕದಲ್ಲೇ ತೋರಿಸುತ್ತೇನೆ.

ಅದೇ ಪ್ರಶ್ನೆಗೆ ಇನ್ನೊಂದು ದಾರಿಯಿಂದ ಬನ್ನಿ. ಅಮೆರಿಕದ ದರ ಲಕ್ಷಕ್ಕೆ 5. ಭಾರತದ ಜನಸಂಖ್ಯೆ 140 ಕೋಟಿ, ಅಂದರೆ 14,000 ಲಕ್ಷ. ಗುಣಿಸಿದರೆ 70,000. ಒಂದು ದಾರಿಯಲ್ಲಿ 14,600, ಇನ್ನೊಂದು ದಾರಿಯಲ್ಲಿ 70,000. ಹೆಚ್ಚುಕಡಿಮೆ ಐದು ಪಟ್ಟು ವ್ಯತ್ಯಾಸ. ಎರಡಕ್ಕೂ ಮೂಲ ಒಂದೇ ದೇಶದ ಒಂದೇ ವರ್ಷದ ಅಂಕಿ.

ಕಾರಣ ಸರಳ. "ನೂರಕ್ಕೆ ಒಂದು" ಅನ್ನುವುದು ಪಾಲು, ದರ ಅಲ್ಲ. ಪಾಲಿನ ಕೆಳಗಿನ ಅಂಕಿ ಉಳಿದ ಕ್ಯಾನ್ಸರ್‌ಗಳ ಮೇಲೆ ನಿಂತಿದೆ. ಅಮೆರಿಕದಲ್ಲಿ ಎಲ್ಲ ಕ್ಯಾನ್ಸರ್ ಸೇರಿ ಲಕ್ಷಕ್ಕೆ ಹತ್ತಿರ ಹತ್ತಿರ 590. ಭಾರತದಲ್ಲಿ ಲಕ್ಷಕ್ಕೆ ಸುಮಾರು 100. ಸ್ತನ, ಪ್ರಾಸ್ಟೇಟ್, ಶ್ವಾಸಕೋಶ, ಕರುಳು ಇವೆಲ್ಲ ಎಷ್ಟಿವೆ ಅನ್ನುವುದರ ಮೇಲೆ ಸಾರ್ಕೋಮಾದ ಪಾಲು ಹಿಗ್ಗುತ್ತದೆ, ಕುಗ್ಗುತ್ತದೆ. ಸಾರ್ಕೋಮಾ ಮಾತ್ರ ಇದ್ದಲ್ಲೇ ಇರುತ್ತದೆ. ಒಂದು ದೇಶದ ಪಾಲನ್ನು ಇನ್ನೊಂದು ದೇಶದ ಒಟ್ಟಿಗೆ ಗುಣಿಸುವುದು ಆದ್ದರಿಂದ ತಪ್ಪು.

ಹಾಗಂತ 70,000 ಕೂಡ ಸರಿಯಲ್ಲ. ಅಮೆರಿಕದ ಜನಸಂಖ್ಯೆಗೆ ವಯಸ್ಸಾಗಿದೆ, ಭಾರತದ್ದು ಕಿರಿಯ. ವಯಸ್ಕರ ಲೈಪೋಸಾರ್ಕೋಮಾ, ಲಿಯೋಮಯೋಸಾರ್ಕೋಮಾ ಐವತ್ತು ದಾಟಿದ ಮೇಲೆ ಹೆಚ್ಚು. ಕಿರಿಯರ ದೇಶದಲ್ಲಿ ಅವುಗಳ ಒಟ್ಟಾರೆ ದರ ತಂತಾನೇ ಇಳಿಯುತ್ತದೆ. ಆಸ್ಟಿಯೋಸಾರ್ಕೋಮಾ ಬೆಳೆಯುವ ವಯಸ್ಸಿನದು, 15ರಿಂದ 19ರ ಗುಂಪಿನಲ್ಲಿ ಲಕ್ಷಕ್ಕೆ 0.8ರಿಂದ 1.1ರವರೆಗೆ ಏರುತ್ತದೆ. ಆ ವಯಸ್ಸಿನವರು ಹೆಚ್ಚಿರುವ ದೇಶದಲ್ಲಿ ಅದರ ಒಟ್ಟಾರೆ ದರ ಇಳಿಯುವ ಬದಲು ಏರಬೇಕು.

ಸರಿಯಾದ ವಿಧಾನ ಹೀಗಿದೆ. ಐದೈದು ವರ್ಷದ ವಯೋಗುಂಪು ಮಾಡಿ, ಗಂಡು ಹೆಣ್ಣು ಬೇರೆ ಬೇರೆ. ಪ್ರತಿ ಗುಂಪಿಗೂ ನಂಬಬಹುದಾದ ನೋಂದಣಿಯಿಂದ ದರ ತೆಗೆದುಕೊಳ್ಳಿ. ಅದನ್ನು ಆಯಾ ಗುಂಪಿನ ನಿಮ್ಮ ದೇಶದ ಜನಸಂಖ್ಯೆಗೆ ಗುಣಿಸಿ, ಕೊನೆಗೆ ಕೂಡಿಸಿ. ಆಗ ಬರುವುದು "ಇಷ್ಟು ಇರಬೇಕಿತ್ತು" ಅನ್ನುವ ನಿರೀಕ್ಷಿತ ಸಂಖ್ಯೆ. ನೋಂದಣಿಯಲ್ಲಿ ನಿಜಕ್ಕೂ ಸಿಕ್ಕಿದ್ದನ್ನು ಅದರ ಪಕ್ಕದಲ್ಲಿಡಿ. ಕಡಿಮೆ ಬಂದಿದ್ದರೆ ಕೇಳಬೇಕಾದ ಪ್ರಶ್ನೆ ಎರಡು: ರೋಗವೇ ಕಡಿಮೆಯೋ, ಎಣಿಕೆ ಕಡಿಮೆಯೋ?

ನೋಂದಣಿ_ಮೇಜು

ಎರಡನೇ ಪ್ರಶ್ನೆಗೆ ನಾನು ಉತ್ತರಿಸಬಹುದು.

ಭಾರತದ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮವನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 1981ರ ಕೊನೆಯಲ್ಲಿ ಶುರುಮಾಡಿತು. ಮೊದಲಿಗೆ ಜನಸಂಖ್ಯೆ ಆಧಾರಿತ ಕೇಂದ್ರಗಳು ಮೂರು: ಬೆಂಗಳೂರು, ಮದ್ರಾಸು, ಮುಂಬಯಿ. ಈಗ ಇದನ್ನು ನಡೆಸುವುದು ಬೆಂಗಳೂರಿನಲ್ಲಿರುವ ರಾಷ್ಟ್ರೀಯ ರೋಗ ಮಾಹಿತಿ ಮತ್ತು ಸಂಶೋಧನಾ ಕೇಂದ್ರ. 2012ರಿಂದ 2016ರ ದತ್ತಾಂಶದ ಮೇಲೆ 2020ರಲ್ಲಿ ಬಂದ ವರದಿಯಲ್ಲಿ ಅಂಥ ಕೇಂದ್ರಗಳು 28. ಅವು ತಲುಪುವುದು ದೇಶದ ಜನಸಂಖ್ಯೆಯ ಹತ್ತನೇ ಒಂದು ಪಾಲಿನಷ್ಟನ್ನು. ಉಳಿದದ್ದು ಅಂದಾಜು. ಸಾಮಾನ್ಯ ಕ್ಯಾನ್ಸರ್‌ಗಳಿಗೆ ಈ ವ್ಯಾಪ್ತಿ ಸಾಕಾಗಬಹುದು, ಅಪರೂಪದವಕ್ಕೆ ಎಳೆ ತೆಳುವಾಗುತ್ತದೆ.

ಎಣಿಕೆ ತಪ್ಪುವ ಜಾಗಗಳನ್ನು ಹೇಳುತ್ತೇನೆ. ಸಾರ್ಕೋಮಾದಲ್ಲಿ ಇವು ಉಳಿದ ಕ್ಯಾನ್ಸರ್‌ಗಳಿಗಿಂತ ಹೆಚ್ಚು ಕಾಡುತ್ತವೆ.

ಒಂದೇ ರೋಗಿ ಎರಡು ಮೂರು ಸಲ ಎಣಿಕೆಗೆ ಬರುವುದು. ಬಯಾಪ್ಸಿ ಒಂದೆಡೆ, ಕಿಮೋ ಇನ್ನೊಂದೆಡೆ, ಶಸ್ತ್ರಚಿಕಿತ್ಸೆ ಮತ್ತೊಂದೆಡೆ ಆಗುತ್ತದೆ. ಹೆಸರಿನ ಕಾಗುಣಿತ ಮೂರು ಕಡೆ ಮೂರು ಥರ, ವಯಸ್ಸಿನಲ್ಲಿ ಒಂದೆರಡು ವರ್ಷ ಆಚೀಚೆ. ಹೆಸರು, ತಂದೆ ಅಥವಾ ಗಂಡನ ಹೆಸರು, ವಿಳಾಸ, ಗಡ್ಡೆಯ ಜಾಗ, ಎಡ ಬಲ ಇಷ್ಟನ್ನೂ ಒಟ್ಟಿಗೆ ಹೋಲಿಸದೆ ಜೋಡಿ ಸಿಗುವುದಿಲ್ಲ. ಗಡ್ಡೆ ಮರುಕಳಿಸಿದಾಗ ಬಂದ ಹೊಸ ವರದಿಯನ್ನು ಹೊಸ ಪ್ರಕರಣ ಅಂತ ಹಾಕುವುದೂ ಇದೇ ಜಾತಿಯ ತಪ್ಪು.

ವಾಸಸ್ಥಳ ಇನ್ನೊಂದು. ಸಾರ್ಕೋಮಾ ರೋಗಿಗಳು ದೂರದಿಂದ ದೊಡ್ಡ ಆಸ್ಪತ್ರೆಗೆ ಬರುತ್ತಾರೆ. ನಗರದ ದರ ಲೆಕ್ಕಹಾಕುವಾಗ ಆ ನಗರದ ಖಾಯಂ ನಿವಾಸಿಗಳನ್ನು ಮಾತ್ರ ಹಿಡಿಯಬೇಕು. ಚಿಕಿತ್ಸೆಗಾಗಿ ತಾತ್ಕಾಲಿಕವಾಗಿ ಹಿಡಿದ ಬಾಡಿಗೆ ಮನೆಯ ವಿಳಾಸ ಕೊಟ್ಟಿದ್ದರೆ ದರ ಸುಳ್ಳೇ ಏರುತ್ತದೆ. ಇದೇ ಕಾರಣಕ್ಕೆ ಆಸ್ಪತ್ರೆ ಆಧಾರಿತ ನೋಂದಣಿಯ ಶೇಕಡಾವಾರು ಅಂಕಿಯನ್ನು "ದೇಶದಲ್ಲಿ ಇಷ್ಟು" ಅಂತ ಬರೆಯಕೂಡದು. ಮೂಳೆ ಗಡ್ಡೆಗೆ ಹೆಸರಾದ ಆಸ್ಪತ್ರೆಯಲ್ಲಿ ಮೂಳೆ ಗಡ್ಡೆ ಹೆಚ್ಚು ಕಾಣುವುದು ಸಹಜ.

ಮೂರನೆಯದು, ಅಸ್ಪಷ್ಟ ಸಂಕೇತ. ವರದಿಯಲ್ಲಿ "ಸ್ಪಿಂಡಲ್ ಕೋಶದ ಗಡ್ಡೆ, ಇಮ್ಯುನೋ ಪರೀಕ್ಷೆ ಬೇಕು" ಅಂತಿರುತ್ತದೆ. ಕೋಶದ ಬಗೆ ಗುರುತಿಸುವ ಆ ಪರೀಕ್ಷೆ ಮಾಡಿಸದೆಯೇ ರೋಗಿ ಹೊರಟುಹೋಗುತ್ತಾರೆ. ಆ ಪ್ರಕರಣ 8800/3 ಅನ್ನುವ ಬರೀ "ಸಾರ್ಕೋಮಾ" ಸಂಕೇತಕ್ಕೆ ಬೀಳುತ್ತದೆ, ಇಲ್ಲವೇ ಲೆಕ್ಕಕ್ಕೇ ಸೇರುವುದಿಲ್ಲ. ಯಾವುದೇ ನೋಂದಣಿಯ ವರದಿ ಕೈಗೆ ಬಂದಾಗ ಮೊದಲು ನೋಡಬೇಕಾದ ಅಂಕಿಗಳು ಇವು: ಸೂಕ್ಷ್ಮದರ್ಶಕದಲ್ಲಿ ಖಚಿತಪಟ್ಟದ್ದು ನೂರಕ್ಕೆ ಎಷ್ಟು, ಮರಣಪತ್ರದಿಂದ ಮಾತ್ರ ಗೊತ್ತಾದದ್ದು ಎಷ್ಟು, 8800ರಲ್ಲಿ ಕುಳಿತದ್ದು ಎಷ್ಟು. ಕೊನೆಯದು ದೊಡ್ಡದಿದ್ದರೆ ಉಪಬಗೆಯ ಕೋಷ್ಟಕವನ್ನು ಬದಿಗಿಡಿ.

ಎಲುಬು_ಕೀಲು

ಮರಣಪತ್ರದ ಮಾತು ಬಂದದ್ದು ಒಳ್ಳೆಯದಾಯಿತು. "ಮೂಳೆ ಕ್ಯಾನ್ಸರ್" ಅಂತ ಮರಣಪತ್ರದಲ್ಲಿ ಬರೆದಿರುವುದರಲ್ಲಿ, ಅದೂ ವಯಸ್ಸಾದವರಲ್ಲಿ, ಎಷ್ಟೋ ಪಾಲು ಮೂಳೆಯಲ್ಲಿ ಹುಟ್ಟಿದ್ದೇ ಅಲ್ಲ. ಸ್ತನ, ಪ್ರಾಸ್ಟೇಟ್, ಶ್ವಾಸಕೋಶ, ಮೂತ್ರಪಿಂಡ, ಥೈರಾಯ್ಡ್ ಕ್ಯಾನ್ಸರ್ ಮೂಳೆಗೆ ಹರಡಿದ್ದು ಅದು. ಹರಡಿದ್ದಕ್ಕೆ ಬೇರೆ ಸಂಕೇತ ಇದೆ, ಸಿ79.5. ಬರೆಯುವವರು "ಮೂಳೆ" ಅಂತಷ್ಟೇ ಬರೆದರೆ ಸಿ41ಕ್ಕೆ ಸೇರಿಬಿಡುತ್ತದೆ. ಆದ್ದರಿಂದ ಮೂಳೆ ಕ್ಯಾನ್ಸರ್‌ನ ಸಾವಿನ ಅಂಕಿ ಹೊಸ ಪ್ರಕರಣಗಳ ಅಂಕಿಯನ್ನು ಮುಟ್ಟಿದರೆ ಅಥವಾ ಮೀರಿದರೆ, ಮೊದಲು ಅನುಮಾನಿಸಬೇಕಾದದ್ದು ಮರಣಪತ್ರವನ್ನು. ಮೈಲೋಮಾ ಕೂಡ ಮೂಳೆಯೊಳಗೇ ಇರುತ್ತದೆ, ಆದರೆ ಅದು ಮಜ್ಜೆಯ ರಕ್ತಕೋಶದ ಕ್ಯಾನ್ಸರ್. ಈ ಲೆಕ್ಕಕ್ಕೆ ಬರುವುದಿಲ್ಲ.

ಮಕ್ಕಳ_ವಾರ್ಡ್

ಮಕ್ಕಳ ಅಂಕಿ ಬೇರೆ ಇಡಿ, ವಯಸ್ಕರ ಜತೆ ಬೆರೆಸಬೇಡಿ. ವಯಸ್ಕರಲ್ಲಿ ನೂರಕ್ಕೆ ಒಂದಾದರೆ ಮಕ್ಕಳ ಕ್ಯಾನ್ಸರ್‌ಗಳಲ್ಲಿ ಸಾರ್ಕೋಮಾ ನೂರಕ್ಕೆ 10ರಿಂದ 15. ಇಲ್ಲಿ ಎಣಿಕೆಯೂ ಮೇಲು. ಮಕ್ಕಳ ಕ್ಯಾನ್ಸರ್‌ಗೆ ಬಳಸುವ ಅಂತರರಾಷ್ಟ್ರೀಯ ವರ್ಗೀಕರಣ ಮೊದಲಿನಿಂದಲೂ ಕೋಶದ ಬಗೆ ಹಿಡಿದೇ ಸಾಗುತ್ತದೆ. ಎಂಟನೇ ಗುಂಪು ಮೂಳೆಯದು, ಒಂಬತ್ತನೆಯದು ಮೃದು ಅಂಗಾಂಶದ್ದು. ಮೂತ್ರಕೋಶದಲ್ಲೋ ಕಣ್ಣಿನ ಗೂಡಿನಲ್ಲೋ ಹುಟ್ಟಿದ ರ‍್ಯಾಬ್ಡೋಮಯೋಸಾರ್ಕೋಮಾ ಅನ್ನುವ ಸ್ನಾಯುವಿನ ಸಾರ್ಕೋಮಾ ಆ ಅಂಗದ ಸಾಲಿಗೆ ಹೋಗಿ ಕಳೆದುಹೋಗುವುದಿಲ್ಲ.

ಎವಿಂಗ್ ಬಗ್ಗೆ ಒಂದು ಮಾತು. ಅದರ ದರವನ್ನು ಯುರೋಪಿನಿಂದ ತಂದು ಎಲ್ಲ ದೇಶಕ್ಕೂ ಹಚ್ಚಬೇಡಿ. ಆಫ್ರಿಕಾ ಮತ್ತು ಪೂರ್ವ ಏಷ್ಯಾ ಮೂಲದವರಲ್ಲಿ ಅದು ತುಂಬ ಕಡಿಮೆ. ಒಂದೇ ದೇಶದೊಳಗೆ, ಅಮೆರಿಕದಲ್ಲೇ, ಈ ವ್ಯತ್ಯಾಸ ಎದ್ದು ಕಾಣುತ್ತದೆ. ಹಾಗಾಗಿ ಇದು ಬರೀ ಎಣಿಕೆಯ ದೋಷವಲ್ಲ, ವಂಶವಾಹಿಯ ಪಾತ್ರವೂ ಇದೆ.

ಸ್ಲೈಡ್_ಮತ್ತು_ಬಣ್ಣ

ಕಪೋಸಿಯನ್ನೂ ಬೇರೆ ಇಡಬೇಕು. ಅದು ಎಚ್‌ಎಚ್‌ವಿ-8 ವೈರಸ್‌ನಿಂದ ಬರುವುದು, ಎಚ್‌ಐವಿ ಹೆಚ್ಚಿರುವ ಕಡೆ ಏರುವುದು. ಸಹಾರಾದ ದಕ್ಷಿಣದ ಕೆಲವು ದೇಶಗಳಲ್ಲಿ ಗಂಡಸರ ಪ್ರಮುಖ ಕ್ಯಾನ್ಸರ್‌ಗಳಲ್ಲಿ ಅದೂ ಒಂದು. ಅದನ್ನು ಸೇರಿಸಿ "ಸಾರ್ಕೋಮಾ ದರ" ಅಂದರೆ ಆ ದೇಶಗಳಲ್ಲಿ ಸಾರ್ಕೋಮಾ ಅಪರೂಪವೇ ಅಲ್ಲ ಅನ್ನಿಸಿಬಿಡುತ್ತದೆ. ಹೆಸರಿನಲ್ಲಿ ಸಾರ್ಕೋಮಾ ಇದ್ದರೂ ಗರ್ಭಕೋಶದ ಕಾರ್ಸಿನೋಸಾರ್ಕೋಮಾ ಈಗ ಕಾರ್ಸಿನೋಮಾ (ಒಳಪದರದ ಕೋಶಗಳ ಕ್ಯಾನ್ಸರ್) ಕಡೆಗೆ ಸೇರಿದೆ. ಅದನ್ನೂ ತೆಗೆಯಿರಿ.

ನೋಂದಣಿ_ಮೇಜು

ಕಪೋಸಿ, ಕಾರ್ಸಿನೋಸಾರ್ಕೋಮಾ ಎರಡಕ್ಕೂ ಒಪ್ಪಿಗೆ. ಆದರೆ ಅಪಾಯವಿಲ್ಲದ ಗಡ್ಡೆಗೂ ಕ್ಯಾನ್ಸರ್‌ಗೂ ನಡುವಣ ದರ್ಜೆಯ ಗಡ್ಡೆಗಳ ವಿಷಯವನ್ನು ಯಾರೂ ಎತ್ತಲಿಲ್ಲ. ಮೃದು ಅಂಗಾಂಶದ ಡೆಸ್ಮಾಯ್ಡ್ 8821/1, ಮೂಳೆಯ ಜೈಂಟ್ ಸೆಲ್ ಗಡ್ಡೆ 9250/1. ಓರೆಗೆರೆಯ ನಂತರದ 3 ಕ್ಯಾನ್ಸರ್, 1 ನಡುವಣದ್ದು. ಹೆಚ್ಚಿನ ನೋಂದಣಿಗಳು 3 ಇದ್ದದ್ದನ್ನು ಮಾತ್ರ ಎಣಿಸುತ್ತವೆ. ನಿಯಮ ಬದಲಾದರೆ ಅಂಕಿ ರಾತ್ರೋರಾತ್ರಿ ಬದಲಾಗುತ್ತದೆ. ಈ ಸಂಕೇತಗಳ ಪಟ್ಟಿಯಾದ ಐಸಿಡಿ-ಓದ ಪರಿಷ್ಕರಣೆಯಲ್ಲಿ ಜಿಸ್ಟ್ ಎಲ್ಲವೂ 3 ಆಯಿತು. ಚರ್ಮದಲ್ಲಿ ಹುಟ್ಟುವ ಗಡ್ಡೆಯಾದ ಡಿಎಫ್‌ಎಸ್‌ಪಿ 3ರಿಂದ 1ಕ್ಕೆ ಇಳಿಯಿತು, ಅದರ ಫೈಬ್ರೋಸಾರ್ಕೋಮಾ ರೂಪ ಮಾತ್ರ 3ರಲ್ಲಿ ಉಳಿಯಿತು. 2020ರ ಹಿಂದಿನ ಮತ್ತು ಮುಂದಿನ ವರದಿಗಳನ್ನು ಒಂದೇ ಗೆರೆಯಲ್ಲಿ ಜೋಡಿಸುವವರು ಇದನ್ನು ಮರೆಯುತ್ತಾರೆ.

ಸ್ಲೈಡ್_ಮತ್ತು_ಬಣ್ಣ

ಎಣಿಕೆಯಿಂದ ನಡುವಣದ್ದನ್ನು ಪೂರ್ತಿ ಬಿಡುವುದಕ್ಕೆ ನನ್ನ ವಿರೋಧವಿದೆ. ಫ್ರಾನ್ಸಿನ ಆ ಎಣಿಕೆಯಲ್ಲಿ ಸಾರ್ಕೋಮಾ 70 ಆದರೆ ನಡುವಣ ಗಡ್ಡೆಗಳನ್ನು ಸೇರಿಸಿದಾಗ ಹತ್ತು ಲಕ್ಷಕ್ಕೆ 95ರ ಹತ್ತಿರ ಹೋಯಿತು. ಆ 25 ಜನರಿಗೂ ಅದೇ ಎಂಆರ್‌ಐ, ಅದೇ ಬಯಾಪ್ಸಿ, ಅದೇ ತಜ್ಞರು, ಎಷ್ಟೋ ಸಲ ಅಷ್ಟೇ ದೊಡ್ಡ ಶಸ್ತ್ರಚಿಕಿತ್ಸೆ ಬೇಕು. ಮೊಣಕಾಲ ಹತ್ತಿರದ ಜೈಂಟ್ ಸೆಲ್ ಗಡ್ಡೆಗೆ ಕೀಲನ್ನೇ ಬದಲಿಸಬೇಕಾಗಬಹುದು. ಕ್ಯಾನ್ಸರ್ ಎಷ್ಟು ಅನ್ನುವ ಪ್ರಶ್ನೆಗೆ 70 ಕೊಡಿ. ಆಸ್ಪತ್ರೆ ಎಷ್ಟು ಸಿದ್ಧವಿರಬೇಕು ಅನ್ನುವ ಪ್ರಶ್ನೆಗೆ 95 ಕೊಡಿ.

ಸಂಜೀವ_ಕೆ

ಪಾಯ್ಸಾನ್ ಸರ್, ಒಂದು ಸಂದೇಹ. ಸುಮಾರು ಒಂದು ಲಕ್ಷ ಜನರಿರುವ ಊರಿನಲ್ಲಿ ಒಂದೇ ವರ್ಷ ಇಬ್ಬರಿಗೆ ಆಸ್ಟಿಯೋಸಾರ್ಕೋಮಾ ಬಂದರೆ "ನೀರಿನಲ್ಲಿ ಏನೋ ಇದೆ" ಅನ್ನುವ ಮಾತು ಹಬ್ಬುತ್ತದೆ. ಹಾಗೆ ಅನುಮಾನಿಸುವುದು ಸರಿಯೇ?

ಪಾಯ್ಸಾನ್

ಲೆಕ್ಕ ಹಾಕೋಣ. ಲಕ್ಷಕ್ಕೆ 0.3 ಅಂದರೆ ಆ ಊರಿಗೆ ವರ್ಷಕ್ಕೆ ನಿರೀಕ್ಷೆ 0.3. ಅಪರೂಪದ ಘಟನೆಗಳ ಸಂಭವ ಲೆಕ್ಕಹಾಕುವ ಪಾಯ್ಸಾನ್ ಸೂತ್ರದಲ್ಲಿ ಒಂದೂ ಬರದಿರುವ ಸಂಭವ 0.741, ಒಂದೇ ಬರುವುದು 0.222. ಎರಡು ಅಥವಾ ಹೆಚ್ಚು ಬರುವ ಸಂಭವ ಉಳಿದ 0.037. ಅಂದರೆ ಅಂಥ ನೂರು ಊರುಗಳಿದ್ದರೆ ಯಾವ ಕಾರಣವೂ ಇಲ್ಲದೆ ಪ್ರತಿ ವರ್ಷ ಮೂರು ನಾಲ್ಕು ಊರುಗಳಲ್ಲಿ ಹೀಗೆ ಆಗುತ್ತದೆ. ಸುದ್ದಿಯಾಗುವುದು ಆ ಊರುಗಳು ಮಾತ್ರ, ಉಳಿದ ತೊಂಬತ್ತಾರು ಸುದ್ದಿಯಾಗುವುದಿಲ್ಲ.

ಅನುಮಾನವನ್ನು ತಳ್ಳಿಹಾಕಬೇಕು ಅಂತಲ್ಲ. ಕ್ರಮವಾಗಿ ನೋಡಬೇಕು. ಇಬ್ಬರದೂ ಒಂದೇ ಬಗೆಯೇ ಅಂತ ಸ್ಲೈಡ್‌ನಿಂದ ಖಚಿತಪಡಿಸಿ. ಒಬ್ಬರದು ಎವಿಂಗ್, ಇನ್ನೊಬ್ಬರದು ಹರಡಿದ ಕ್ಯಾನ್ಸರ್ ಆಗಿದ್ದರೆ ಗುಂಪು ಅಲ್ಲೇ ಒಡೆಯಿತು. ರೋಗ ಕಾಣುವ ಎಷ್ಟು ವರ್ಷ ಮೊದಲಿನಿಂದ ಅಲ್ಲಿ ವಾಸ ಅಂತ ಕೇಳಿ. ಗಡಿಯನ್ನು ಪ್ರಕರಣಗಳ ಸುತ್ತ ಎಳೆಯಬೇಡಿ, ಮೊದಲೇ ಇರುವ ವಾರ್ಡು ತಾಲ್ಲೂಕುಗಳ ಗಡಿ ಹಿಡಿಯಿರಿ. ಇಬ್ಬರೂ ರಕ್ತಸಂಬಂಧಿಗಳಾಗಿದ್ದರೆ ನೀರಿಗಿಂತ ಮೊದಲು ನೋಡಬೇಕಾದದ್ದು, ಬದಲಾದರೆ ಕುಟುಂಬದಲ್ಲಿ ಕ್ಯಾನ್ಸರ್ ಅಪಾಯ ಹೆಚ್ಚಿಸುವ ಟಿಪಿ53, ಆರ್‌ಬಿ1 ಜೀನ್‌ಗಳನ್ನು.

ಇದೇ ತರ್ಕ ರಾಜ್ಯ ಮಟ್ಟದ ಅಂಕಿಗೂ ಅನ್ವಯಿಸುತ್ತದೆ. ಹತ್ತು ಲಕ್ಷ ಜನರ ನೋಂದಣಿಯಲ್ಲಿ ಒಂದು ವರ್ಷ 9 ಮೂಳೆ ಸಾರ್ಕೋಮಾ ಸಿಕ್ಕಿದೆ ಅನ್ನಿ. ದರ ಲಕ್ಷಕ್ಕೆ 0.9. ಅದರ 95 ಶೇಕಡಾ ವಿಶ್ವಾಸದ ಮಿತಿ 4ರಿಂದ 17 ಪ್ರಕರಣ, ದರದಲ್ಲಿ ಹೇಳಿದರೆ 0.4ರಿಂದ 1.7. ಇಷ್ಟು ಅಗಲದ ಮಿತಿ ಇಟ್ಟುಕೊಂಡು ಆ ಜಿಲ್ಲೆ ಹೆಚ್ಚು, ಈ ಜಿಲ್ಲೆ ಕಡಿಮೆ ಅನ್ನುವುದಕ್ಕೆ ಅರ್ಥವಿಲ್ಲ. ಐದು ವರ್ಷ ಕೂಡಿಸಿ 45 ಪ್ರಕರಣವಾದರೆ ಮಿತಿ 0.66ರಿಂದ 1.2ಕ್ಕೆ ಕಿರಿದಾಗುತ್ತದೆ. ಮೂಳೆಗೆ ಐದು ವರ್ಷ ಕನಿಷ್ಠ, ಉಪಬಗೆಗೆ ಹತ್ತು.

ಎಲುಬು_ಕೀಲು

ಅಂಕಿ ಯಾಕೆ ಬೇಕು ಅನ್ನುವುದನ್ನೂ ಲೇಖನದಲ್ಲಿ ಬರೆಯಿರಿ ವಾಣಿಯವರೇ. ಆಗ ಓದುಗರಿಗೆ ಅದು ಬರೀ ಸಂಖ್ಯೆಯಾಗಿ ಉಳಿಯುವುದಿಲ್ಲ.

ಯುರೋಪಿನ ದರದಲ್ಲೇ ಒಂದು ಕೋಟಿ ಜನರನ್ನು ತೆಗೆದುಕೊಳ್ಳಿ. ಮೃದು ಅಂಗಾಂಶದ ಸಾರ್ಕೋಮಾ ಲಕ್ಷಕ್ಕೆ 4ರಿಂದ 5, ಅಂದರೆ ವರ್ಷಕ್ಕೆ 400ರಿಂದ 500. ಮೂಳೆಯದು ಒಂದಕ್ಕಿಂತ ಸ್ವಲ್ಪ ಕಡಿಮೆ, ಅಂದರೆ 80-90. ಇಂಗ್ಲೆಂಡಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ನೈಸ್ ಸಂಸ್ಥೆ 2006ರಲ್ಲಿ ಕೊಟ್ಟ ಮಾರ್ಗಸೂಚಿ, ಒಂದು ತಜ್ಞ ತಂಡ ವರ್ಷಕ್ಕೆ ಕನಿಷ್ಠ 100 ಹೊಸ ಮೃದು ಅಂಗಾಂಶದ ರೋಗಿಗಳನ್ನು ನೋಡುತ್ತಿರಬೇಕು, ಮೂಳೆಯನ್ನೂ ನೋಡುವುದಾದರೆ ಜತೆಗೆ ಕನಿಷ್ಠ 50 ಮೂಳೆ ರೋಗಿಗಳು ಅನ್ನುತ್ತದೆ. ಲೆಕ್ಕ ಮಾಡಿ: ಒಂದು ಕೋಟಿ ಜನಕ್ಕೆ ಮೂಳೆ ಗಡ್ಡೆಯ ಕೇಂದ್ರ ಒಂದೇ ಸಾಕು, ಎರಡಾದರೆ ಯಾವುದಕ್ಕೂ ಕೈ ಪಳಗುವುದಿಲ್ಲ. ಇಡೀ ಇಂಗ್ಲೆಂಡಿಗೆ ಮೂಳೆ ಸಾರ್ಕೋಮಾ ಶಸ್ತ್ರಚಿಕಿತ್ಸೆಯ ಕೇಂದ್ರಗಳನ್ನು ಐದಕ್ಕೇ ನಿಲ್ಲಿಸಿದ್ದು ಈ ಕಾರಣಕ್ಕೆ.

ಇನ್ನೊಂದು ಮುಖ. ಒಂದು ಮೃದು ಅಂಗಾಂಶದ ಸಾರ್ಕೋಮಾಕ್ಕೆ ಕನಿಷ್ಠ ನೂರು ಅಪಾಯವಿಲ್ಲದ ಗಂಟುಗಳಿರುತ್ತವೆ, ಲೈಪೋಮಾ ಥರದವು. ಆದ್ದರಿಂದ ಮೊದಲು ನೋಡುವ ವೈದ್ಯರು "ಕೊಬ್ಬಿನ ಗಂಟು" ಅಂದರೆ ನೂರರಲ್ಲಿ ತೊಂಬತ್ತೊಂಬತ್ತು ಸಲ ಸರಿ. ಅಪಾಯ ಅಲ್ಲೇ ಇದೆ. ಆ ನೂರನೆಯದನ್ನು ಬೇರ್ಪಡಿಸುವ ಗುರುತುಗಳು ಇವು: 5 ಸೆಂಟಿಮೀಟರ್‌ಗಿಂತ ದೊಡ್ಡದು, ಸ್ನಾಯು ಹೊದಿಕೆಯ ಒಳಗೆ ಆಳದಲ್ಲಿರುವುದು, ಬೆಳೆಯುತ್ತಿರುವುದು, ತೆಗೆದ ಮೇಲೆ ಮತ್ತೆ ಬಂದದ್ದು. ನೋವಿದ್ದರೆ ಅನುಮಾನ ಹೆಚ್ಚಲಿ, ನೋವಿಲ್ಲ ಅಂತ ಧೈರ್ಯ ಬೇಡ. ಬಹಳಷ್ಟು ಸಾರ್ಕೋಮಾ ನೋಯುವುದಿಲ್ಲ.

ಅನುಮಾನ ಬಂದ ಮೇಲೆ ಅನುಕ್ರಮ ಕೆಡಬಾರದು. ಮೊದಲು ಅಲ್ಟ್ರಾಸೌಂಡ್, ನಂತರ ಎಂಆರ್‌ಐ, ಅದಾದ ಮೇಲೆ ಕೋರ್ ಸೂಜಿಯ ಬಯಾಪ್ಸಿ, 14 ಅಥವಾ 16 ಗೇಜಿನ ಸೂಜಿಯಲ್ಲಿ ಹಲವು ತುಣುಕು. ಎಂಆರ್‌ಐ ಬಯಾಪ್ಸಿಗಿಂತ ಮೊದಲೇ ಆಗಬೇಕು. ಸೂಜಿ ಚುಚ್ಚಿದ ಮೇಲೆ ಒಳಗೆ ರಕ್ತ ಕಟ್ಟಿಕೊಂಡರೆ ಗಡ್ಡೆಯ ಅಂಚು ಮಸುಕಾಗುತ್ತದೆ. ಸೂಜಿ ಹೋಗುವ ದಾರಿಯನ್ನು ಮುಂದೆ ಶಸ್ತ್ರಚಿಕಿತ್ಸೆ ಮಾಡುವವರೇ ಗೊತ್ತುಮಾಡಬೇಕು, ಆ ದಾರಿಯನ್ನೂ ಗಡ್ಡೆಯ ಜತೆ ಕತ್ತರಿಸಿ ತೆಗೆಯಬೇಕಾಗಬಹುದು. ತೆರೆದು ಬಯಾಪ್ಸಿ ಮಾಡಲೇಬೇಕಾದರೆ ಗಾಯ ಕೈಕಾಲಿನ ಉದ್ದಕ್ಕೆ ಇರಲಿ, ಅಡ್ಡಡ್ಡ ಬೇಡ. ಮೂಳೆಯಾದರೆ ರಾತ್ರಿ ಎಬ್ಬಿಸುವ ನೋವು, ವಿಶ್ರಾಂತಿಯಲ್ಲೂ ಬಿಡದ ನೋವು ಮುಖ್ಯ. ಬೆಳೆಯುವ ಮಕ್ಕಳಲ್ಲಿ "ಆಟದ ಏಟು" ಅಂತ ವಾರಗಟ್ಟಲೆ ಮುಲಾಮು ಹಚ್ಚುವ ಬದಲು ಎರಡು ಕೋನದಿಂದ ಸಾದಾ ಎಕ್ಸ್‌ರೇ ತೆಗೆಸಿ. ಅದರಲ್ಲಿ ಅನುಮಾನ ಬಂದರೆ ಮೂಳೆ ಪೂರ್ತಿ ಮತ್ತು ಪಕ್ಕದ ಕೀಲು ಸೇರುವಂತೆ ಎಂಆರ್‌ಐ.

ದಯವಿಟ್ಟು ಇದನ್ನು ದಪ್ಪಕ್ಷರದಲ್ಲಿ ಹಾಕಿ: ಆಳದ ಗಂಟನ್ನು ಚಿತ್ರ ತೆಗೆಸದೆ, ಬಯಾಪ್ಸಿ ಮಾಡದೆ, "ಸಣ್ಣ ಆಪರೇಷನ್" ಅಂತ ತೆಗೆಸಿಕೊಳ್ಳಬಾರದು. ಹಾಗೆ ತೆಗೆದ ಸಾರ್ಕೋಮಾದಲ್ಲಿ ಎರಡನೇ ಸಲ ತೆರೆದಾಗ ಉಳಿದ ಗಡ್ಡೆ ಸಿಗುವುದು ತೀರ ಸಾಮಾನ್ಯ.

ವಾಣಿ_ಆರ್

ಎಲ್ಲವನ್ನೂ ಸೇರಿಸಿ ಹೀಗೆ ಬರೆದಿದ್ದೇನೆ, ತಿದ್ದಿ:

"ಸಾರ್ಕೋಮಾ ಅಪರೂಪದ ಕ್ಯಾನ್ಸರ್. ವರ್ಷಕ್ಕೆ ಲಕ್ಷ ಜನರಲ್ಲಿ ಐದರಿಂದ ಏಳು ಮಂದಿಗೆ ಇದು ಇರುತ್ತದೆ. ವಯಸ್ಕರ ಕ್ಯಾನ್ಸರ್‌ಗಳಲ್ಲಿ ನೂರಕ್ಕೆ ಒಂದು, ಮಕ್ಕಳಲ್ಲಿ ನೂರಕ್ಕೆ 10ರಿಂದ 15. ಭಾರತದಲ್ಲಿ ಇದರ ಪ್ರಮಾಣ ಕಡಿಮೆ."

ಪಾಯ್ಸಾನ್

"ಇರುತ್ತದೆ" ಬೇಡ, "ಹೊಸದಾಗಿ ಪತ್ತೆಯಾಗುತ್ತದೆ" ಅನ್ನಿ. ಹಿಂದಿನ ವರ್ಷಗಳಲ್ಲಿ ಪತ್ತೆಯಾಗಿ ಇಂದು ಬದುಕಿರುವವರ ಸಂಖ್ಯೆ ಇದರ ಹಲವು ಪಟ್ಟು. ಔಷಧ ಕಾನೂನುಗಳಲ್ಲಿ "ಅಪರೂಪ" ಅನ್ನುವುದು ಆ ಎರಡನೇ ಸಂಖ್ಯೆಯ ಮೇಲೆ ನಿಂತಿದೆ: ಯುರೋಪಿನಲ್ಲಿ ಹತ್ತು ಸಾವಿರಕ್ಕೆ 5 ಮೀರದಿರುವುದು, ಅಮೆರಿಕದಲ್ಲಿ ಇಡೀ ದೇಶಕ್ಕೆ 2 ಲಕ್ಷ ಮುಟ್ಟದಿರುವುದು. ಅಪರೂಪದ ಕ್ಯಾನ್ಸರ್ ಅನ್ನುವ ವ್ಯಾಖ್ಯೆ ಮಾತ್ರ ಹೊಸ ಪ್ರಕರಣದ ಮೇಲೆ. ಯುರೋಪಿನಲ್ಲಿ ಲಕ್ಷಕ್ಕೆ 6ಕ್ಕಿಂತ ಕಡಿಮೆ, ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಪ್ರಕಾರ 15ಕ್ಕಿಂತ ಕಡಿಮೆ.

ನೋಂದಣಿ_ಮೇಜು

ಕೊನೆಯ ವಾಕ್ಯ ತೆಗೆದುಬಿಡಿ. ಅದರ ಬದಲು ಹೀಗಿರಲಿ: "ಭಾರತದ ನೋಂದಣಿ ಕೇಂದ್ರಗಳಲ್ಲಿ ದಾಖಲಾಗುವ ಪ್ರಮಾಣ ಪಾಶ್ಚಾತ್ಯ ದೇಶಗಳಿಗಿಂತ ಕಡಿಮೆ. ಕಿರಿಯ ಜನಸಂಖ್ಯೆ ಅದಕ್ಕೆ ಒಂದು ಕಾರಣ, ಪತ್ತೆಯಾಗದೆ ಅಥವಾ ಸರಿಯಾಗಿ ಹೆಸರಿಸದೆ ಉಳಿಯುವುದು ಇನ್ನೊಂದು." ಐದು ಅನ್ನುವುದು ಅಂಗದ ಪ್ರಕಾರ ಎಣಿಸಿದ್ದು, ಏಳು ಅನ್ನುವುದು ಕೋಶದ ಪ್ರಕಾರ ಎಣಿಸಿ ಸ್ಲೈಡ್ ಮತ್ತೆ ನೋಡಿದ್ದು ಅಂತ ಕೋಷ್ಟಕದ ಕೆಳಗೆ ಒಂದು ಸಾಲು ಹಾಕಿ. ಕಪೋಸಿ ಸೇರಿಲ್ಲ ಅಂತಲೂ.